ಮೈಸೂರು ಝೂಗೆ ಬರ್ತೀರಾ? ಬೆಳಗ್ಗೆ ಎಂಟೂವರೆಗೆ ಗೇಟಿನ ಮುಂದಿರಿ

ನಮ್ಮ ಮನೆ ಇರುವುದು ಇಟ್ಟಿಗೆಗೂಡಿನಲ್ಲಿ. ಬೆಳಗಿನ ಜಾವ ಹಾಲಿನವರು ಬರುವ ಮೊದಲೇ ಸಿಂಹದ ಗರ್ಜನೆ ಕೇಳಿಸುವ ಏರಿಯಾ ಇದು. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಬೆಚ್ಚಿಬಿದ್ದು ಏಳುತ್ತಾರೆ, ಎರಡನೇ ವಾರದಿಂದ ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುತ್ತಾರೆ. ಈ ವಿಳಾಸದಿಂದ ನನಗಿರುವ ಕಷ್ಟ ಬೇರೆ. ದಸರಾ ರಜೆ, ಬೇಸಿಗೆ ರಜೆ ಬಂತು ಅಂದರೆ ಮಂಡ್ಯ, ಮದ್ದೂರು ಕಡೆಯ ನೆಂಟರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಇಳಿಯುತ್ತಾರೆ, ನಾನು ಪುಕ್ಕಟೆ ಗೈಡ್. ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ತಪ್ಪುಗಳನ್ನಂತೂ ಎಲ್ಲಾ ಮಾಡಿ ಮುಗಿಸಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಝೂನಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಐದಾರು ಪ್ರಾಣಿ ಆರಿಸಿಕೊಳ್ಳಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ನಮ್ಮ ಭಾವ ಒಂದು ಸಲ ಇಡೀ ಝೂ ಒಂದೂವರೆ ಗಂಟೆಯಲ್ಲಿ ಮುಗಿಸಿದರು. ಹೆಮ್ಮೆಯಿಂದ "ಒಂದೂ ಬಿಡಲಿಲ್ಲ" ಅಂದರು. ಸಂಜೆ ಮಗನನ್ನು ಏನೇನು ನೋಡಿದೆ ಅಂತ ಕೇಳಿದರೆ, ಐಸ್‌ಕ್ರೀಂ ತಿಂದೆ ಅಂದ.

ಯಾವ ದಿನ ಬರಬೇಕು

ಮಂಗಳವಾರ ಬರಬೇಡಿ. ಮಂಗಳವಾರ ಝೂಗೆ ವಾರದ ರಜೆ. ನಾನು ಇದೇ ಊರಿನವನಾಗಿದ್ದೂ ಒಂದು ಮಂಗಳವಾರ ಮಂಡ್ಯದಿಂದ ಹನ್ನೊಂದು ಜನರನ್ನು ಕರೆಸಿಕೊಂಡು ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಟ್ಟಿದ್ದೇನೆ. ಆ ಫೋಟೋ ಈಗಲೂ ಮನೆಯ ಗ್ರೂಪಿನಲ್ಲಿ ಆಗಾಗ ಮೇಲೆ ಬರುತ್ತದೆ. ದಸರಾ ಸಮಯದಲ್ಲಿ, ರಜೆ ಕಾಲದಲ್ಲಿ ಕೆಲವು ಮಂಗಳವಾರ ತೆರೆಯುವುದೂ ಉಂಟು, ಆದರೆ ಅದನ್ನು ಝೂ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ವಾರದ ರಜೆ ಬಿಟ್ಟು ಬೇರೆ ಕಾರಣಕ್ಕೂ ಮುಚ್ಚಿದ್ದಿದೆ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು.

ಆದಷ್ಟೂ ಬುಧವಾರ, ಗುರುವಾರ ಬನ್ನಿ. ಶನಿವಾರ, ಭಾನುವಾರ ಜನ ಜಾಸ್ತಿ. ಆಯುಧಪೂಜೆ, ವಿಜಯದಶಮಿಯ ಆಚೀಚೆ ಬಂದರೆ ಪ್ರಾಣಿಗಿಂತ ಮುಂದಿನವರ ಬೆನ್ನೇ ಜಾಸ್ತಿ ಕಾಣುತ್ತದೆ, ನಮ್ಮ ಊರಿನ ಹಬ್ಬ ಅಂತ ಅಭಿಮಾನ ಇದ್ದರೂ ಇದು ನಿಜ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನ. ಡಿಸೆಂಬರಿನಲ್ಲಿ ಶಾಲೆಗಳ ಪ್ರವಾಸದ ಬಸ್ಸುಗಳು ಸಾಲು ನಿಂತಿರುತ್ತವೆ, ಅದೊಂದನ್ನು ಸಹಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಜುಲೈ, ಆಗಸ್ಟಿನ ಸೋನೆ ಮಳೆಯ ದಿನ ಎಲ್ಲಕ್ಕಿಂತ ಒಳ್ಳೆಯದು. ಜನ ಇರುವುದಿಲ್ಲ, ಮರಗಳೆಲ್ಲ ತೊಳೆದಿಟ್ಟ ಹಾಗಿರುತ್ತವೆ, ಬಿಸಿಲಿಗೆ ಮೂಲೆ ಸೇರುವ ಹುಲಿ, ಕರಡಿ ಹೊರಗೇ ಓಡಾಡಿಕೊಂಡಿರುತ್ತವೆ. ಒಂದು ಛತ್ರಿ ಇದ್ದರೆ ಸಾಕು.

ಸಮಯ ಬೆಳಗ್ಗೆ 8:30ರಿಂದ ಸಂಜೆ 5:30. ಎಂಟೂವರೆಗೇ ಬನ್ನಿ ಅನ್ನುವುದಕ್ಕೆ ಕಾರಣ ಇದೆ. ಹುಲಿ, ಚಿರತೆ, ಕರಡಿ ಇವೆಲ್ಲ ತಂಪು ಹೊತ್ತಿನ ಪ್ರಾಣಿಗಳು. ಕಾಡಿನಲ್ಲೂ ಬೆಳಗಿನ ಜಾವ, ಸಂಜೆ, ರಾತ್ರಿ ಓಡಾಡಿ ಮಧ್ಯಾಹ್ನ ನೆರಳಿನಲ್ಲಿ ಮಲಗುತ್ತವೆ. ಝೂಗೆ ಬಂದ ಮಾತ್ರಕ್ಕೆ ಆ ಅಭ್ಯಾಸ ಹೋಗುವುದಿಲ್ಲ. ಹನ್ನೆರಡು ಗಂಟೆಗೆ ಬಂದು "ಹುಲಿ ಬರೀ ಮಲಗಿತ್ತು" ಅಂತ ಬೈದುಕೊಂಡು ಹೋಗುವವರನ್ನು ನೋಡಿದರೆ ನಗು ಬರುತ್ತದೆ. ಊಟ ಆದಮೇಲೆ ನಮ್ಮ ಮನೆ ಗಂಡಸರು ಏನು ಮಾಡುತ್ತಾರೆ ಹೇಳಿ.

ಬರುವುದು, ತಿಂಡಿ, ಪಾರ್ಕಿಂಗ್

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ರೈಲಿನಲ್ಲಿ ಬರುವುದೇ ವಾಸಿ, ಬೆಳಗಿನ ರೈಲು ಹಿಡಿದರೆ ಆರಾಮವಾಗಿ ಎಂಟು ಗಂಟೆ ಹೊತ್ತಿಗೆ ಊರಿನಲ್ಲಿರುತ್ತೀರಿ. ಸ್ಟೇಷನ್ನಿನಿಂದ ಆಟೋ. ಬಸ್ಸಿನಲ್ಲಿ ಬಂದರೆ ಸಬರ್ಬ್ ಸ್ಟ್ಯಾಂಡಿನಿಂದ ಝೂ ಹತ್ತಿರವೇ, ನಡೆಯುವ ಅಭ್ಯಾಸ ಇದ್ದವರು ಹಾರ್ಡಿಂಜ್ ಸರ್ಕಲ್ ದಾಟಿಕೊಂಡು ನಡೆದೇ ಬರಬಹುದು. ನಾನಾದರೆ ಆಟೋ ಹತ್ತಿ ಅನ್ನುತ್ತೇನೆ, ಕಾಲಿನ ಶಕ್ತಿ ಒಳಗೆ ಬೇಕಾಗುತ್ತದೆ. ಆಟೋದವರು "ಸಾರ್, ಮೊದಲು ಸಿಲ್ಕ್ ಅಂಗಡಿ ತೋರಿಸ್ತೀನಿ, ಝೂ ಹತ್ತು ಗಂಟೆಗೆ ತೆಗೆಯೋದು" ಅಂದರೆ ನಂಬಬೇಡಿ. ನಮ್ಮ ದೊಡ್ಡಮ್ಮ ಹಾಗೆ ನಂಬಿ ಝೂ ನೋಡುವ ಮೊದಲೇ ಎರಡು ಸೀರೆ ತೆಗೆದುಕೊಂಡಿದ್ದರು, ದಿನವಿಡೀ ಆ ಚೀಲ ಹೊತ್ತವನು ನಾನು.

ಕಾರಿನವರು ಪಾರ್ಕಿಂಗಿಗೋಸ್ಕರವಾದರೂ ಬೇಗ ಬರಬೇಕು. ಹತ್ತೂವರೆ ಆದಮೇಲೆ ರಜಾದಿನಗಳಲ್ಲಿ ಆ ರಸ್ತೆಯಲ್ಲಿ ತಿರುಗುವುದೇ ಒಂದು ಯಾತ್ರೆ.

ತಿಂಡಿ ಹೊರಗೇ ಮುಗಿಸಿ. ನಜರ್‌ಬಾದ್ ಪಕ್ಕದಲ್ಲೇ ಇದೆ, ಬೆಣ್ಣೆ ಹಾಕಿದ ಮೈಲಾರಿ ದೋಸೆ ಒಂದೆರಡು ತಿಂದು ಹೊರಟರೆ ಒಂದು ಗಂಟೆಯವರೆಗೆ ಮಕ್ಕಳು ಹಸಿವು ಅನ್ನುವುದಿಲ್ಲ. ಒಳಗೆ ಕ್ಯಾಂಟೀನ್ ಇದೆ, ಕಾಫಿ, ಜ್ಯೂಸು, ಊಟಕ್ಕೆ ತೊಂದರೆ ಇಲ್ಲ, ಆದರೆ ಬೆಳಗಿನ ಒಳ್ಳೆಯ ಹೊತ್ತನ್ನು ಇಡ್ಲಿ ಕಾಯುತ್ತಾ ಕಳೆಯಬಾರದು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಗೇಟಿನಲ್ಲಿ ಚೀಲ ತೆಗೆಸಿ ನೋಡುತ್ತಾರೆ. ಪ್ಲಾಸ್ಟಿಕ್ ಕವರ್ ಒಳಗೆ ಬಿಡುವುದಿಲ್ಲ. ಚಿಪ್ಸ್ ಪ್ಯಾಕೆಟ್ ಇದ್ದರೆ ಅದನ್ನು ಒಡೆಸಿ ಕಾಗದದ ಚೀಲಕ್ಕೆ ಸುರಿಸುತ್ತಾರೆ. ನಮ್ಮ ಹುಡುಗ ಒಬ್ಬ ತನ್ನ ಪ್ಯಾಕೆಟ್ ಒಡೆದದ್ದಕ್ಕೆ ಗೇಟಿನಲ್ಲೇ ಅತ್ತು ರಂಪ ಮಾಡಿದ್ದ, ಕಾಗದದ ಚೀಲದಲ್ಲಿರುವುದೂ ಅದೇ ಚಿಪ್ಸ್ ಕಣೋ ಅಂತ ಮೂರು ಜನ ಸಮಾಧಾನ ಮಾಡಬೇಕಾಯಿತು. ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಸ್ವಲ್ಪ ಠೇವಣಿ ತೆಗೆದುಕೊಳ್ಳುತ್ತಾರೆ, ಹೊರಗೆ ಬರುವಾಗ ಬಾಟಲಿ ತೋರಿಸಿದರೆ ವಾಪಸ್. ಈ ತಲೆನೋವೇ ಬೇಡ ಅನ್ನುವವರು ಮನೆಯಿಂದ ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿಯೋ ಕೋಡುಬಳೆಯೋ ತನ್ನಿ. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಗಾಳಿಗೆ ಹಾರಿದ ಒಂದು ಕವರ್ ಜಿಂಕೆಯ ಹೊಟ್ಟೆ ಸೇರಿದರೆ ಅದು ಕರಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಊರಿನಲ್ಲಿ ಕಸದ ತೊಟ್ಟಿ ಮೇಯುವ ಹಸುಗಳ ಗತಿ ಗೊತ್ತಲ್ವಾ, ಅದೇ.

ಕಾಲಿಗೆ ಹಳೇ ಚಪ್ಪಲಿ ಅಥವಾ ಪಳಗಿದ ಶೂ. ಹೊಸ ಚಪ್ಪಲಿ ಹಾಕಿಕೊಂಡು ಬಂದವರೆಲ್ಲ ಅರ್ಧ ದಾರಿಯಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದನ್ನು ನೋಡಿದ್ದೇನೆ. ಒಳಗಿನ ದಾರಿ 3 ಕಿಲೋಮೀಟರ್ ಆಸುಪಾಸು ಇದೆ, ಬಾಣದ ಗುರುತು ಹಿಡಿದು ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಟೋಪಿ ಇರಲಿ. ಮನೆಯಲ್ಲಿ ಸಣ್ಣ ಬೈನಾಕ್ಯುಲರ್ ಇದ್ದರೆ ಮರೆಯದೇ ತನ್ನಿ. ಪಂಜರದ ಪ್ರಾಣಿಗೆ ಬೈನಾಕ್ಯುಲರ್ ಯಾಕೆ ಅಂತ ಎಲ್ಲರೂ ನಗುತ್ತಾರೆ, ಒಂದು ಸಲ ಹುಲಿಯ ಮೀಸೆ ನೋಡಿದ ಮೇಲೆ ನಿಮಗೆ ವಾಪಸ್ ಕೊಡುವುದಿಲ್ಲ.

ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಂಡರೆ ಸಾಲು ತಪ್ಪುತ್ತದೆ. ಪಕ್ಕದ ಕಾರಂಜಿ ಕೆರೆಗೂ ಸೇರಿಸಿ ಕೊಡುವ ಟಿಕೆಟ್ ಇದೆ, ಇಡೀ ದಿನ ಇರುವವರು ಅದನ್ನು ತೆಗೆದುಕೊಳ್ಳಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ಟಿಕೆಟ್. ಗಾಡಿಗಳು ಕಡಿಮೆ, ಬೇಗ ಬುಕ್ ಮಾಡಬೇಕು. ಗಾಡಿಯವರು ಎಲ್ಲಾ ಕಡೆ ಜಾಸ್ತಿ ಹೊತ್ತು ನಿಲ್ಲಿಸಲಾರರು, ಅವರಿಗೂ ಮುಂದಿನ ಟ್ರಿಪ್ ಇರುತ್ತದೆ. ದೊಡ್ಡಮ್ಮನನ್ನು ನಾನು ನಡೆಸಿಯೇ ಕರೆದುಕೊಂಡು ಹೋಗುತ್ತೇನೆ, ಬೆಂಚಿನಿಂದ ಬೆಂಚಿಗೆ. ನಾಲ್ಕು ಗಂಟೆ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಒಳಗೆ ಕಾಲಿಟ್ಟ ಮೇಲೆ

ಈ ಝೂ ಶುರುವಾಗಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಬರೀ 10 ಎಕರೆಯಲ್ಲಿ. ಆಗ ಅರಮನೆಯ ಝೂ. ಸಾರ್ವಜನಿಕರನ್ನು ಬಿಟ್ಟಿದ್ದು 1902ರಿಂದ, 1909ರಲ್ಲಿ ಮಹಾರಾಜರ ಹೆಸರಿಟ್ಟರು. ತೋಟದ ವಿನ್ಯಾಸದಲ್ಲಿ ಜರ್ಮನಿಯ ಕೃಂಬಿಗಲ್ ಕೈ ಇದೆ, ಬೆಂಗಳೂರಿನ ಲಾಲ್‌ಬಾಗ್ ನೋಡಿದವರಿಗೆ ಆ ಹೆಸರು ಗೊತ್ತಿರುತ್ತದೆ. ಈಗ ಜಾಗ 157 ಎಕರೆ. ಇದನ್ನು ಯಾಕೆ ಹೇಳಿದೆ ಅಂದರೆ, ಮೊದಲ ಇನ್ನೂರು ಹೆಜ್ಜೆ ಮೇಲೆ ನೋಡಿಕೊಂಡು ನಡೆಯಿರಿ. ಇಲ್ಲಿನ ಮರಗಳನ್ನು ನೋಡಲು ಯಾರೂ ಟಿಕೆಟ್ ತೆಗೆಯುವುದಿಲ್ಲ, ಆದರೆ ನಡುಬೇಸಿಗೆಯಲ್ಲೂ ಈ ದಾರಿ ತಂಪಾಗಿರುವುದು ಅವುಗಳ ದಯೆಯಿಂದ.

ಶುರುವಿನಲ್ಲಿ ಹಕ್ಕಿಗಳು ಸಿಗುತ್ತವೆ. ಇಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಬಣ್ಣ ಬಣ್ಣದ ಮಕಾವ್ ಗಿಣಿಗಳ ಮುಂದೆ ಅರ್ಧ ಗಂಟೆ ಸೆಲ್ಫಿ ಆಗುತ್ತದೆ, ಅಷ್ಟರಲ್ಲಿ ಬಿಸಿಲು ಏರಿರುತ್ತದೆ, ಹುಲಿ, ಚಿರತೆಯಂಥ ದೊಡ್ಡ ಬೆಕ್ಕುಗಳು ನೆರಳು ಸೇರಿರುತ್ತವೆ. ಹಕ್ಕಿಗಳನ್ನು ಬೇಗ ದಾಟಿ. ಕಾರಂಜಿ ಕೆರೆಯಲ್ಲಿ ಹೇಗೂ ಹಕ್ಕಿಗಳಿವೆ.

ಜಿರಾಫೆಯ ಹತ್ತಿರ ಮಾತ್ರ ನಿಲ್ಲಲೇಬೇಕು. ಮೈಸೂರು ಝೂ ಅಂದರೆ ಜಿರಾಫೆ ಅನ್ನುವಷ್ಟು ಇಲ್ಲಿ ಅವು ಮರಿ ಹಾಕಿವೆ, ಬೇರೆ ಊರಿನ ಝೂಗಳಿಗೂ ಇಲ್ಲಿಂದ ಹೋಗಿವೆ. ಬೆಳಗ್ಗೆ ಸೊಪ್ಪು ಕಟ್ಟಿರುವ ಹೊತ್ತಿಗೆ ಹೋದರೆ ಅದರ ನಾಲಿಗೆ ಕಾಣುತ್ತದೆ. ಕಪ್ಪು-ನೇರಳೆ ಬಣ್ಣ, ಒಂದೂವರೆ ಅಡಿಯಷ್ಟು ಉದ್ದ. ಅದು ನಾಲಿಗೆಯನ್ನು ಕೈ ಹಾಗೆ ಬಳಸುತ್ತದೆ. ಕೊಂಬೆಯ ಸುತ್ತ ಸುತ್ತಿ, ಎಳೆದು, ಎಲೆಯನ್ನಷ್ಟೇ ಸವರಿಕೊಂಡು, ಕಡ್ಡಿಯನ್ನು ಅಲ್ಲೇ ಬಿಡುತ್ತದೆ. ನಮ್ಮ ಮನೆಯಲ್ಲಿ ಕರಿಬೇವು ಬಿಡಿಸುವಾಗ ಎರಡು ಬೆರಳಿನ ಮಧ್ಯೆ ಕಡ್ಡಿ ಇಟ್ಟು ಸರ್ರನೆ ಎಳೆಯುತ್ತೇವಲ್ಲ, ಸಾಕ್ಷಾತ್ ಹಾಗೆ. ತಿಂದ ಮೇಲೆ ಕತ್ತನ್ನೇ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಒಂದು ಉಂಡೆ ಕೆಳಗಿನಿಂದ ಮೇಲೆ ಏರುವುದು ಚರ್ಮದ ಹೊರಗೇ ಕಾಣುತ್ತದೆ. ಮೆಲುಕು ಅದು. ಅಷ್ಟುದ್ದದ ಕತ್ತಿನಲ್ಲಿ ಲಿಫ್ಟ್ ಹಾಗೆ ಬರುತ್ತದೆ, ಬಾಯಿಗೆ ಬಂದ ಕೂಡಲೇ ದವಡೆ ಅಡ್ಡಡ್ಡ ಆಡಲು ಶುರು. ಮಕ್ಕಳಿಗೆ ಇದನ್ನು ತೋರಿಸಿದರೆ ಅಲ್ಲಿಂದ ಏಳುವುದೇ ಇಲ್ಲ. ಆ ಕತ್ತಿನಲ್ಲಿರುವ ಮೂಳೆ ಏಳೇ, ನಮ್ಮ ಕತ್ತಿನಲ್ಲಿ ಇರುವಷ್ಟೇ, ಒಂದೊಂದೂ ಉದ್ದ ಅಷ್ಟೆ. ಇದನ್ನು ಹೇಳಿದರೆ ಎಲ್ಲರೂ ಒಂದು ಸಲ ತಮ್ಮ ಕತ್ತು ಮುಟ್ಟಿ ನೋಡಿಕೊಳ್ಳುತ್ತಾರೆ.

ಗೊರಿಲ್ಲಾ ಮುಂದೆ ಹೇಗಿರಬೇಕು

ನನ್ನ ವಯಸ್ಸಿನವರಿಗೆ ಪೋಲೋ ನೆನಪಿರುತ್ತಾನೆ. ಇಡೀ ದೇಶಕ್ಕೆ ಒಂದೇ ಗೊರಿಲ್ಲಾ ಅಂತ ಇದ್ದವನು ಅವನು, ವರ್ಷಗಟ್ಟಲೆ ಒಂಟಿಯಾಗಿದ್ದ. 2014ರಲ್ಲಿ ಸತ್ತ. ಆ ಮೇಲೆ ಏಳು ವರ್ಷ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅನ್ನುವ ಎರಡು ಗಂಡು ಗೊರಿಲ್ಲಾ ಬಂದವು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಎಂದರೆ ಎದೆ ಬಡಿದುಕೊಂಡು ತೋರಿಸುವುದು. ಸಿನಿಮಾ ನೋಡಿ ಕಲಿತದ್ದು. ಗೊರಿಲ್ಲಾ ಎದೆ ಬಡಿಯುವುದು ಮುಷ್ಟಿಯಿಂದ ಅಲ್ಲ, ಅಂಗೈ ಬೊಗಸೆ ಮಾಡಿಕೊಂಡು, ಅದಕ್ಕೇ ಆ ಟೊಳ್ಳು ಸದ್ದು ಬರುವುದು. ಅದರ ಅರ್ಥ "ನಾನು ಎಷ್ಟು ದೊಡ್ಡವನು ನೋಡು" ಅಂತ. ನೀವು ಅದನ್ನು ಮಾಡಿದರೆ ಅವನ ಮನೆ ಮುಂದೆ ನಿಂತು ತೊಡೆ ತಟ್ಟಿದ ಹಾಗೆ. ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸುವುದೂ ಬೇಡ, ಅದೂ ಜಗಳಕ್ಕೆ ಕರೆದಂತೆಯೇ. ಸ್ವಲ್ಪ ಪಕ್ಕಕ್ಕೆ ತಿರುಗಿ, ಸುಮ್ನೆ ನಿಂತು, ಓರೆಗಣ್ಣಿನಲ್ಲಿ ನೋಡಿ. ಶೀತ, ಕೆಮ್ಮು ಇದ್ದವರು ದೂರ ಇರಿ. ನಮ್ಮ ನೆಗಡಿ ಅವಕ್ಕೂ ಹತ್ತುತ್ತದೆ.

ಹೋದ ಸಲ ದೊಡ್ಡಮ್ಮ ಅಲ್ಲೇ ಕೂತರು. ಗೊರಿಲ್ಲಾ ಒಂದು ಕಡ್ಡಿ ಎತ್ತಿಕೊಂಡಿತು. ಎಲೆ ಕಿತ್ತಿತು, ತೊಗಟೆ ಹಲ್ಲಿನಿಂದ ಸಿಪ್ಪೆ ಸಿಪ್ಪೆ ಬಿಡಿಸಿತು, ಒಳಗಿನ ತಿರುಳನ್ನು ಜಗಿದು, ಉಳಿದ ಕಡ್ಡಿಯನ್ನು ಪಕ್ಕಕ್ಕೆ ಇಟ್ಟಿತು, ಎಸೆಯಲಿಲ್ಲ. ಆಮೇಲೆ ಕೈ ಕಟ್ಟಿಕೊಂಡು ಜನರ ಕಡೆ ಒಂದು ನೋಟ ನೋಡಿತು. ದೊಡ್ಡಮ್ಮ, "ಕಬ್ಬು ತಿಂದಂಗೆ ತಿಂತು ಕಣ್ಲಾ. ಈಗ ನೋಡು, ನಮ್ಮೂರ ಪಟೇಲಪ್ಪ ಪಂಚಾಯ್ತಿಗೆ ಕುಂತಂಗೆ ಕುಂತದೆ" ಅಂದರು. ಮಂಡ್ಯದವರ ಕಣ್ಣಿಗೆ ಕಬ್ಬೇ ಕಾಣಬೇಕಲ್ಲ.

ಒಂದೇ ಅನಿಸುವುದು ಒಂದೇ ಅಲ್ಲ

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಆಟ ಹೇಳಿಕೊಡುತ್ತೇನೆ. ಒಂದೇ ಥರ ಕಾಣುವ ಎರಡು ಪ್ರಾಣಿಗಳ ವ್ಯತ್ಯಾಸ ಹುಡುಕಿಸಿ. ಬೋರ್ಡ್ ಓದಿಸುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಆನೆಯಿಂದ ಶುರು ಮಾಡಿ. ದಸರಾ ಆನೆ ನೋಡಿ ಬೆಳೆದ ನಮಗೆ ಆನೆ ಅಂದರೆ ಒಂದೇ. ಇಲ್ಲಿ ಆಫ್ರಿಕಾದ ಆನೆಯೂ ಇದೆ. ಅದರ ಕಿವಿ ಮೊರದಷ್ಟಲ್ಲ, ಚಾಪೆಯಷ್ಟು. ಬೆನ್ನು ನಮ್ಮ ಆನೆಯ ಹಾಗೆ ಉಬ್ಬಿಲ್ಲ, ನಡುವೆ ಬಗ್ಗಿದೆ. ಆ ಜಾತಿಯಲ್ಲಿ ಹೆಣ್ಣಿಗೂ ದಂತ ಬರುತ್ತದೆ, ನಮ್ಮಲ್ಲಿ ಗಂಡಿಗೆ ಮಾತ್ರ. ಎಲ್ಲಕ್ಕಿಂತ ಸೊಗಸಾದದ್ದು ಸೊಂಡಿಲಿನ ತುದಿ. ನಮ್ಮ ಆನೆಗೆ ಅಲ್ಲಿ ಬೆರಳಿನಂಥದ್ದು ಒಂದೇ, ಆಫ್ರಿಕಾದ್ದಕ್ಕೆ ಎರಡು, ಚಿಮಟದ ಹಾಗೆ. ಬೈನಾಕ್ಯುಲರ್ ಬೇಕು ಅಂದಿದ್ದು ಇದಕ್ಕೇ.

ಘೇಂಡಾಮೃಗದಲ್ಲೂ ಹಾಗೆ. ಅಸ್ಸಾಂ ಕಡೆಯದ್ದಕ್ಕೆ ಒಂದು ಕೊಂಬು, ಮೈಮೇಲೆ ತಗಡು ಹೊದಿಸಿದಂಥ ಮಡಿಕೆ. ಆಫ್ರಿಕಾದ ಬಿಳಿ ಘೇಂಡಾಕ್ಕೆ ಎರಡು ಕೊಂಬು, ಅಗಲ ಬಾಯಿ, ಹುಲ್ಲು ಮೇಯಲು ಅನುಕೂಲ ಆಗುವಂತೆ. ಬಿಳಿ ಅನ್ನುವುದು ಹೆಸರಿಗಷ್ಟೇ, ಬಣ್ಣ ಬೂದಿಯೇ. ಜಾಗ್ವಾರ್ ಮುಂದೆ ನಿಂತು ಎಲ್ಲರೂ ಚಿರತೆ ಅನ್ನುತ್ತಾರೆ. ಮೈಮೇಲಿನ ಹೂವಿನಂಥ ಮಚ್ಚೆ ನೋಡಿ, ಅದರೊಳಗೆ ಪುಟ್ಟ ಚುಕ್ಕಿ ಇದ್ದರೆ ಜಾಗ್ವಾರ್, ಖಾಲಿ ಇದ್ದರೆ ಚಿರತೆ. ಚೀತಾದ್ದು ಇನ್ನೂ ಬೇರೆ, ಗಟ್ಟಿ ಕಪ್ಪು ಚುಕ್ಕಿ, ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಗೆರೆ. ಚೀತಾ ನಮ್ಮ ದೇಶದಿಂದ ಅಳಿದುಹೋಯಿತು ಅಂತ 1952ರಲ್ಲಿ ಘೋಷಿಸಿದ್ದರು. ಮಧ್ಯಪ್ರದೇಶದ ಕೂನೋ ಕಾಡಿಗೆ ಬಂದ ಚೀತಾಗಳ ಸುದ್ದಿ ಎಲ್ಲರಿಗೂ ಗೊತ್ತು, ಅದಕ್ಕೂ ಎರಡು ವರ್ಷ ಮುಂಚೆ, 2020ರಲ್ಲಿ, ದಕ್ಷಿಣ ಆಫ್ರಿಕಾದಿಂದ ಮೂರು ಚೀತಾ ಮೈಸೂರು ಝೂಗೆ ಬಂದಿದ್ದವು.

ಬಿಳಿ ಹುಲಿಯ ಬಗ್ಗೆ ಒಂದು ಮಾತು. ಅದರ ಮುಂದೆ ಯಾವಾಗಲೂ ಜನಜಂಗುಳಿ. ಅದು ಬೇರೆ ಜಾತಿಯೇನೂ ಅಲ್ಲ, ಹಿಮದ ಊರಿನದ್ದೂ ಅಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಒಂದು ಅಪರೂಪದ ಜೀನ್ ಬಂದರೆ ಮೈ ಬಿಳಿಯಾಗುತ್ತದೆ. 1951ರಲ್ಲಿ ರೇವಾ ಕಾಡಿನಲ್ಲಿ ಹಿಡಿದ ಮೋಹನ್ ಅನ್ನುವ ಮರಿಯ ವಂಶವೇ ಝೂಗಳಲ್ಲಿ ಬಹುಪಾಲು ಹರಡಿಕೊಂಡಿರುವುದು. ಆ ಬಣ್ಣ ಉಳಿಸಲು ಸಂಬಂಧದೊಳಗೇ ಕೂಡಿಸಿ ಕೂಡಿಸಿ ಮೆಳ್ಳೆಗಣ್ಣಿನಂಥ ತೊಂದರೆಗಳೂ ಜೊತೆಗೆ ಬಂದಿವೆ. ನೋಡಿ, ಆದರೆ ಅಲ್ಲೇ ಅರ್ಧ ಗಂಟೆ ಕಳೆಯಬೇಡಿ. ಪಕ್ಕದಲ್ಲಿ ನಮ್ಮ ಮಾಮೂಲಿ ಹುಲಿ ಓಡಾಡುತ್ತಿರುತ್ತದೆ, ಬೇಲಿ ಹತ್ತಿರ ಬಂದಾಗ ಅದರ ಹೆಜ್ಜೆ ಗಮನಿಸಿ, ಅಷ್ಟು ಭಾರದ ಪ್ರಾಣಿ, ಒಣಗಿದ ಎಲೆಯ ಮೇಲೆ ಕಾಲಿಟ್ಟರೂ ಸದ್ದಿಲ್ಲ.

ನೀರಾನೆ ಕೊಳದ ಹತ್ತಿರ ಜನ "ಏನೂ ಇಲ್ಲ" ಅಂತ ಹೊರಟುಬಿಡುತ್ತಾರೆ. ಐದು ನಿಮಿಷ ನಿಲ್ಲಿ. ಅದು ಉಸಿರಿಗೆ ಮೇಲೆ ಬರಲೇಬೇಕು. ಮೊದಲು ಮೂಗಿನ ಹೊಳ್ಳೆ ತೆರೆಯುತ್ತದೆ, ಬುಸ್ ಅಂತ ನೀರು ಹಾರುತ್ತದೆ, ಆಮೇಲೆ ಕಿವಿ ಪಟಪಟ. ಮಕ್ಕಳಿಗೆ ಎಣಿಸಲು ಹೇಳಿ, ಅಷ್ಟು ಹೊತ್ತು ಸುಮ್ಮನಿರುತ್ತಾರೆ, ಅದು ನಮಗೆ ಲಾಭ.

ನಮ್ಮ ಕಾಡಿನವರನ್ನು ಬಿಡಬೇಡಿ

ಆಫ್ರಿಕಾದ್ದು, ಅಮೆರಿಕದ್ದು ನೋಡಿ ಸುಸ್ತಾಗಿ ಎಲ್ಲರೂ ಕಾಟಿ, ಕಡವೆ, ಸೀಳುನಾಯಿ ಬಂದಾಗ ಓಡುನಡಿಗೆಯಲ್ಲಿ ದಾಟುತ್ತಾರೆ. ಬಂಡೀಪುರದ ಸಫಾರಿಯಲ್ಲಿ ಸೀಳುನಾಯಿ ಒಂದು ಕ್ಷಣ ಕಂಡರೆ ಊರೆಲ್ಲ ಹೇಳಿಕೊಂಡು ಬರುತ್ತೇವೆ, ಇಲ್ಲಿ ಎದುರಿಗಿದ್ದರೆ ನಾಯಿ ತಾನೆ ಅಂತ ಮುಂದೆ ಹೋಗುತ್ತೇವೆ. ಅದು ಬೊಗಳುವುದಕ್ಕಿಂತ ಸೀಟಿ ಹೊಡೆದಂತೆ ಕೂಗುವುದೇ ಜಾಸ್ತಿ, ಗುಂಪನ್ನು ಕರೆಯುವುದು ಹಾಗೆ. ಅದೃಷ್ಟ ಇದ್ದರೆ ಕೇಳುತ್ತದೆ.

ಸಿಂಗಳೀಕವನ್ನು ಖಂಡಿತ ನೋಡಿ. ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ. ನಮ್ಮದೇ ರಾಜ್ಯದ ಶರಾವತಿ ಕಣಿವೆಯಲ್ಲಿದೆ. ಬೆಳಗ್ಗೆ ಹೂಲಾಕ್ ಗಿಬ್ಬನ್, ಅಂದರೆ ಈಶಾನ್ಯ ರಾಜ್ಯಗಳ ಬಾಲವಿಲ್ಲದ ವಾನರ, ಕೂಗಿದರೆ ನೀವು ಎಲ್ಲಿದ್ದರೂ ಗೊತ್ತಾಗುತ್ತದೆ, ಗಂಡು ಹೆಣ್ಣು ಸೇರಿ ಏರುಸ್ವರದಲ್ಲಿ ಹಾಡುತ್ತವೆ, ಯಾವುದೋ ಮದುವೆ ಮನೆಯ ಮೈಕು ಕೆಟ್ಟುಹೋದ ಹಾಗೆ.

ಬೈಸಿಕೊಳ್ಳದೆ ಇರಬೇಕಾದರೆ

ಪ್ರಾಣಿಗೆ ಏನನ್ನೂ ತಿನ್ನಿಸಬೇಡಿ. ಬಾಳೆಹಣ್ಣೂ ಬೇಡ. ಪಾಪ ಅನಿಸುತ್ತದೆ, ಗೊತ್ತು, ಆದರೆ ಪ್ರತಿ ಪ್ರಾಣಿಗೂ ಲೆಕ್ಕ ಹಾಕಿದ ಊಟ ಇರುತ್ತದೆ. ದಿನಕ್ಕೆ ಸಾವಿರಾರು ಜನ ಒಂದೊಂದು ಬಿಸ್ಕತ್ ಎಸೆದರೆ ಏನಾಗುತ್ತದೆ ನೀವೇ ಯೋಚನೆ ಮಾಡಿ. ಕಲ್ಲು ಎಸೆಯುವುದು, ಕೂಗಿ ಎಬ್ಬಿಸುವುದು, ಕೆಣಕುವುದು, ತಿನ್ನಿಸುವುದು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಅಪರಾಧ. ಅಲ್ಲಿನ ಸಿಬ್ಬಂದಿ ಹೇಳುತ್ತಾರೆ, ಕೇಳದಿದ್ದರೆ ದಂಡ ಹಾಕುತ್ತಾರೆ. ಮಗುವನ್ನು ಕಟ್ಟೆ ಮೇಲೆ ಕೂರಿಸಬೇಡಿ, ಹೆಗಲ ಮೇಲೆ ಕೂರಿಸಿಕೊಳ್ಳಿ. ಮಲಗಿರುವ ಪ್ರಾಣಿಗೆ ಶಿಳ್ಳೆ ಹಾಕುವ ಹುಡುಗರ ಗುಂಪು ಪ್ರತಿ ಸಲ ಸಿಗುತ್ತದೆ. ನಾನು ಈಗ ಅವರ ಹತ್ತಿರ ಜಗಳ ಆಡುವುದಿಲ್ಲ. ದೊಡ್ಡಮ್ಮನನ್ನು ಮುಂದೆ ಬಿಡುತ್ತೇನೆ. "ಅಪ್ಪಾ, ನೀನು ಮಲಗಿದ್ದಾಗ ನಿಮ್ಮನೆ ಮುಂದೆ ಬಂದು ಹಿಂಗೇ ಊದ್ಲಾ?" ಅಂತಾರೆ. ಹುಡುಗರು ಜಾಗ ಖಾಲಿ ಮಾಡುತ್ತಾರೆ.

ಯಾವುದಾದರೂ ಪ್ರಾಣಿ ತುಂಬಾ ಇಷ್ಟವಾದರೆ ದತ್ತು ತೆಗೆದುಕೊಳ್ಳಬಹುದು, ಬಹಳ ವರ್ಷದಿಂದ ಈ ಯೋಜನೆ ಇದೆ. ಮನೆಗೆ ಕೊಡುವುದಿಲ್ಲ, ಅದರ ಊಟದ ಖರ್ಚಿನ ಹೊಣೆ ಅಷ್ಟೆ. ಆನೆ, ಹುಲಿ ನಮ್ಮ ಕೈಗೆ ಎಟುಕದಿದ್ದರೂ ಸಣ್ಣ ಹಕ್ಕಿಗಳಿವೆ. ಮಕ್ಕಳ ಹುಟ್ಟುಹಬ್ಬಕ್ಕೆ ಕೆಲವರು ಹೀಗೆ ಮಾಡುತ್ತಾರೆ, ನನಗೆ ಈ ಪದ್ಧತಿ ಇಷ್ಟ.

ಮಧ್ಯಾಹ್ನ ಆದಮೇಲೆ ಕಾರಂಜಿ ಕೆರೆ

ಎಂಟೂವರೆಗೆ ಒಳಗೆ ಹೋದವರು ಹನ್ನೆರಡೂವರೆಗೆ ಹೊರಗೆ ಬರಬಹುದು. ಬಾಟಲಿ ಠೇವಣಿ ಮರೆಯಬೇಡಿ. ಊಟ ಮುಗಿಸಿ, ಎಲ್ಲಾದರೂ ನೆರಳಿನಲ್ಲಿ ಒಂದು ಗಂಟೆ ಕೂತು, ಮೂರು ಗಂಟೆ ಮೇಲೆ ಕಾರಂಜಿ ಕೆರೆಗೆ ಹೋಗಿ. ಅದರ ಗೇಟು ಬೇರೆ, ದೂರ ಏನಿಲ್ಲ. ಅಲ್ಲಿ ದೊಡ್ಡ ಬಲೆಯ ಹಕ್ಕಿಮನೆ ಇದೆ, ನಾವೇ ಒಳಗೆ ಹೋಗಿ ನಡೆಯಬಹುದು, ನವಿಲು ಕಾಲಡಿಯಲ್ಲೇ ಓಡಾಡುತ್ತದೆ. ಚಿಟ್ಟೆ ಪಾರ್ಕ್, ದೋಣಿ ಎಲ್ಲಾ ಇದೆ. ಕೆರೆಯ ದಂಡೆಯಲ್ಲೇ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಕೂಡ ಇದೆ, ಮಕ್ಕಳಿಗೆ ಇನ್ನೂ ಜೀವ ಉಳಿದಿದ್ದರೆ ನೋಡಿ.

ದೋಣಿ ಹತ್ತದವರು ದಂಡೆಯ ಬೆಂಚಿನ ಮೇಲೆ ಕೂರಿ. ಸಂಜೆ ಬಿಸಿಲಿಗೆ ನಡುಗಡ್ಡೆಯ ಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಇಳಿಯುತ್ತವೆ. ಇವು ಯಾರೂ ಸಾಕಿದ್ದಲ್ಲ, ತಾವಾಗಿಯೇ ಬರುವಂಥವು. ಹೋದ ಸಲ ನಾವು ಅಲ್ಲಿ ಕೂತಿದ್ದಾಗ ಒಂದು ಹೆಜ್ಜಾರ್ಲೆ ರೆಕ್ಕೆ ಬಡಿಯದೆ ನೀರಿಗೆ ಇಳಿದು, ಎರಡು ಕಾಲನ್ನೂ ಮುಂದೆ ಚಾಚಿ ಬ್ರೇಕ್ ಹಾಕಿತು. ನಾನು ಬೈನಾಕ್ಯುಲರ್ ಕೊಟ್ಟೆ. ದೊಡ್ಡಮ್ಮ ಅದನ್ನು ಉಲ್ಟಾ ಹಿಡಿದು, ಆಮೇಲೆ ಸರಿಯಾಗಿ ಹಿಡಿದು, ಬಹಳ ಹೊತ್ತು ನೋಡಿದರು. ಅವರ ತವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿ, ಅಲ್ಲಿ ಈ ಹಕ್ಕಿಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ.

"ಇದು ನಮ್ಮ ಬೆಳ್ಳೂರುದ್ದೇ ಅಲ್ವಾ" ಅಂದರು. "ಟಿಕೆಟ್ ತಕ್ಕೊಂಡೇ ಬಂದದಾ ಕೇಳ್ಲಾ."